ಪ್ರಾನ್ ಅಂದರೆ ನನ್ನ ಪಿಂಚಣಿ ಖಾತೆಯಲ್ಲಿ 29 ಲಕ್ಷ ಇದೆ. 60 ಆದ ಮೇಲೆ ತಿಂಗಳಿಗೆ ಎಷ್ಟು ಬರುತ್ತದೆ?

ಅರಸೀಕೆರೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. 2009ರಲ್ಲಿ ಕೆಲಸಕ್ಕೆ ಸೇರಿದೆ, ಹಾಗಾಗಿ ಎನ್‌ಪಿಎಸ್, ಅಂದರೆ ಸಂಬಳದಿಂದ ಹಣ ಕಡಿದು ಫಂಡ್‌ಗೆ ಹಾಕುವ ಹೊಸ ಪಿಂಚಣಿ ಯೋಜನೆ. ಈಗ ವಯಸ್ಸು 43.

ಕಳೆದ ತಿಂಗಳು ನಮ್ಮ ಹೆಡ್‌ಮಿಸ್ ನಿವೃತ್ತರಾದರು. ಅವರು 1990ರ ದಶಕದಲ್ಲಿ ಸೇರಿದವರು, ಓಪಿಎಸ್, ಅಂದರೆ ಸರ್ಕಾರವೇ ಕೊಡುವ ಹಳೆಯ ಖಚಿತ ಪಿಂಚಣಿ. ಬೀಳ್ಕೊಡುಗೆ ದಿನ ಸ್ಟಾಫ್ ರೂಮಿನಲ್ಲಿ ಹಾರ ತೆಗೆದು ಪಕ್ಕಕ್ಕಿಟ್ಟು, ಕೊನೆಯ ಬೇಸಿಕ್‌ನ (ಮೂಲ ವೇತನದ) ಅರ್ಧ, ಅದರ ಮೇಲೆ ಡಿಎ (ತುಟ್ಟಿಭತ್ಯೆ), ಇಷ್ಟು ಬರುತ್ತದೆ ಅಂತ ಒಂದೇ ವಾಕ್ಯದಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ "ನಿನಗೆಷ್ಟು ಬರುತ್ತಮ್ಮಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 16 ವರ್ಷ ಮೀರಿ ಪ್ರತಿ ತಿಂಗಳು ಬೇಸಿಕ್ ಮತ್ತು ಡಿಎಯ ಶೇ 10 ಕಡಿತ ಆಗುತ್ತಿದೆ, ಕೊನೆಗೆ ಎಷ್ಟು ಸಿಗುತ್ತದೆ ಅಂತ ಮಾತ್ರ ನನಗೆ ಗೊತ್ತಿಲ್ಲ.

ಅವತ್ತು ರಾತ್ರಿ ಕೂತು ಪ್ರಾನ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿದೆ. ಒಟ್ಟು 29 ಲಕ್ಷ 14 ಸಾವಿರ ತೋರಿಸುತ್ತಿದೆ. ಎಸ್‌ಬಿಐ, ಎಲ್‌ಐಸಿ, ಯುಟಿಐ ಅಂತ ಮೂರು ಪೆನ್ಷನ್ ಫಂಡ್‌ಗಳ ಹೆಸರಿದೆ, ದುಡ್ಡು ಮೂರರಲ್ಲೂ ಹಂಚಿದೆ. ಇವನ್ನು ನಾನು ಆರಿಸಿದ ನೆನಪಿಲ್ಲ.

ನನ್ನ ಪ್ರಶ್ನೆಗಳು ಇವು. 60 ಆದ ಮರುದಿನದಿಂದ ತಿಂಗಳಿಗೆ ನಿಜವಾಗಿ ಎಷ್ಟು ಬರುತ್ತದೆ? ನಮ್ಮ ಶಾಲೆಯ ಇನ್ನೊಬ್ಬರು "ಪ್ರೈವೇಟ್ ಫಂಡ್‌ಗೆ ಬದಲಾಯಿಸಿಕೊಳ್ಳಿ, ಜಾಸ್ತಿ ಬೆಳೆಯುತ್ತದೆ" ಅನ್ನುತ್ತಾರೆ, ಅದು ಸರಿಯಾ? ಓಪಿಎಸ್ ವಾಪಸ್ ಬರುತ್ತದೆ ಅಂತ ಎಲ್ಲರೂ ಕಾಯುತ್ತಿದ್ದಾರೆ, ನಾನೂ ಕಾಯಬೇಕಾ, ಅಥವಾ ಬರುವುದಿಲ್ಲ ಅಂತಲೇ ಲೆಕ್ಕ ಹಾಕಬೇಕಾ? ನಮ್ಮ ಯಜಮಾನರದು ಎಲೆಕ್ಟ್ರಿಕಲ್ ಅಂಗಡಿ, ವಯಸ್ಸು 47. ಅವರಿಗೆ ಯಾವ ಪಿಂಚಣಿಯೂ ಇಲ್ಲ. ಮನೆಗೆ ಇದೊಂದೇ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.


ಹಳೇ ಖಜಾನೆ:

ಮೇಡಂ, ನಾನು ಖಜಾನೆಯಲ್ಲಿ 31 ವರ್ಷ ಇದ್ದು 2019ರಲ್ಲಿ ನಿವೃತ್ತನಾದವನು. ನನ್ನದು ಓಪಿಎಸ್, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗಿರುವ ಚಿಂತೆ ನನಗಿಲ್ಲ. ಆದರೆ ನಿಮ್ಮ ಕಾಲದವರ ಪ್ರಾನ್ ಅರ್ಜಿಗಳು ನನ್ನ ಟೇಬಲ್ ಮೇಲೇ ಹಾದುಹೋಗಿವೆ. ಬಂದ ಹುಡುಗ ಹುಡುಗಿಯರಿಗೆ ಫೋಟೊ ಅಂಟಿಸಿ ಸಹಿ ಮಾಡಿ ಅಂತಷ್ಟೇ ಹೇಳುತ್ತಿದ್ದೆವು. ಇದು ಪಿಂಚಣಿಯಲ್ಲ, ನಿಮ್ಮ ಹೆಸರಿನ ಉಳಿತಾಯ ಅಂತ ಕೂರಿಸಿಕೊಂಡು ಹೇಳಿದವರು ಯಾರೂ ಇರಲಿಲ್ಲ. ನಾನೂ ಹೇಳಲಿಲ್ಲ, ಆ ಬೇಸರ ಈಗಲೂ ಇದೆ.

ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ನಿಮಗೆ ಇನ್ನೂ 17 ವರ್ಷ ಸರ್ವೀಸ್ ಇದೆ, ಅಷ್ಟರಲ್ಲಿ ಎಷ್ಟಾಗುತ್ತದೆ ಅಂತ ಯಾರೂ ಹೇಳಲಾರರು. ಲೆಕ್ಕ ಸುಲಭವಾಗಲಿ ಅಂತ 1 ಕೋಟಿ ಅಂದುಕೊಳ್ಳಿ. ಈಗಿನ ನಿಯಮದಂತೆ ಸರ್ಕಾರಿ ನೌಕರರು 60ಕ್ಕೆ ಹೆಚ್ಚೆಂದರೆ ಶೇ 60 ಇಡಿಗಂಟಾಗಿ ತೆಗೆಯಬಹುದು, ಅಂದರೆ 60 ಲಕ್ಷ, ಅದಕ್ಕೆ ತೆರಿಗೆ ಇಲ್ಲ. ಉಳಿದ 40 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. ಅದನ್ನು ಒಂದು ಜೀವವಿಮೆ ಕಂಪನಿಗೆ ಕೊಟ್ಟು ಆನ್ಯುಟಿ ಕೊಳ್ಳಬೇಕು. ಆ ಕಂಪನಿ ಬದುಕಿರುವವರೆಗೆ ತಿಂಗಳು ತಿಂಗಳು ಕೊಡುವುದೇ ನಿಮ್ಮ ಪಿಂಚಣಿ. ದರ ಶೇ 6.5 ಅಂತ ಹಿಡಿದರೆ ವರ್ಷಕ್ಕೆ 2 ಲಕ್ಷ 60 ಸಾವಿರ, ತಿಂಗಳಿಗೆ 21,600 ಚಿಲ್ಲರೆ. ಇದು ನಿಮ್ಮ ಆದಾಯಕ್ಕೆ ಸೇರುತ್ತದೆ, ಮಿತಿ ದಾಟಿದರೆ ತೆರಿಗೆಯೂ ಬೀಳುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ 21,600 ನಿಮಗೆ 80 ಆದಾಗಲೂ 21,600 ಮಾತ್ರ. ಡಿಎ ಇಲ್ಲ. ಮುಂದಿನ ವೇತನ ಆಯೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಲೆ ವರ್ಷಕ್ಕೆ ಶೇ 6 ಏರುತ್ತಾ ಹೋದರೆ 20 ವರ್ಷದ ನಂತರ ಆ ದುಡ್ಡಿಗೆ ಮೊದಲ ವರ್ಷದ 6,700 ರೂಪಾಯಿಯ ಸಾಮಾನು ಬರುತ್ತದೆ. ನನ್ನ ಪಿಂಚಣಿ 2019ರಲ್ಲಿ ಇದ್ದದ್ದಕ್ಕೂ ಈಗಿರುವುದಕ್ಕೂ ಅಜಗಜಾಂತರ. ಮಧ್ಯೆ ಡಿಎ ಏರಿತು, 7ನೇ ವೇತನ ಆಯೋಗ ಬಂತು. ನಾನು ಮನೆಯಲ್ಲಿ ಕೂತಿದ್ದೆ, ಅಷ್ಟೆ.

ಇದು ಹೇಗಾಯಿತು ಅಂತ ತಿಳಿದಿರಲಿ. ಕೇಂದ್ರದಲ್ಲಿ 2004ರ ಜನವರಿ 1ರಿಂದ ಸೇರಿದವರಿಗೆ ಎನ್‌ಪಿಎಸ್, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು, 2001ರಲ್ಲಿ ಕೇಂದ್ರ ಸರ್ಕಾರ ಒಂದು ತಜ್ಞರ ತಂಡ ಮಾಡಿತ್ತು. ಅದರ ಅಧ್ಯಕ್ಷರು ನಮ್ಮ ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದ ಬಿ.ಕೆ. ಭಟ್ಟಾಚಾರ್ಯ. 2002ರಲ್ಲಿ ಆ ತಂಡ ಹೇಳಿದ್ದೇನು ಗೊತ್ತಾ? ಎರಡನ್ನೂ ಬೆರೆಸಿ ಅಂತ. ನೌಕರರೂ ಸರ್ಕಾರವೂ ಹಣ ಹಾಕಲಿ, ಆದರೆ ಒಂದು ಭಾಗ ಖಚಿತ ಪಿಂಚಣಿಯಾಗಿ ಇರಲಿ, ಇನ್ನೊಂದು ಭಾಗ ಫಂಡ್‌ನಲ್ಲಿ ಬೆಳೆಯಲಿ. ಸರ್ಕಾರ ಖಚಿತದ ಭಾಗವನ್ನು ಬಿಟ್ಟು ಬರೀ ಫಂಡ್ ಇಟ್ಟುಕೊಂಡಿತು. 22 ವರ್ಷ ಕಳೆದು 2024ರ ಆಗಸ್ಟ್‌ನಲ್ಲಿ ಕೇಂದ್ರ ಯುಪಿಎಸ್ ಅನ್ನುವ ಇನ್ನೊಂದು ಪಿಂಚಣಿ ಯೋಜನೆ ಪ್ರಕಟಿಸಿತು. 25 ವರ್ಷ ಸರ್ವೀಸ್ ಆಗಿದ್ದರೆ ಕೊನೆಯ 12 ತಿಂಗಳ ಸರಾಸರಿ ಬೇಸಿಕ್‌ನ ಅರ್ಧ ಖಚಿತ, ಬೆಲೆ ಏರಿದಂತೆ ಪಿಂಚಣಿಯೂ ಏರುತ್ತದೆ, ನೌಕರರು ಶೇ 10 ಕಟ್ಟುತ್ತಲೇ ಇರುತ್ತಾರೆ. ಹೆಚ್ಚು ಕಡಿಮೆ ಅದೇ ಹಳೆಯ ಸಲಹೆ. 2002ರಲ್ಲೇ ಒಪ್ಪಿದ್ದರೆ ಇವತ್ತು ನೀವು ರಾತ್ರಿ ಕೂತು ಸ್ಟೇಟ್‌ಮೆಂಟ್ ನೋಡುವ ಪರಿಸ್ಥಿತಿಯೇ ಬರುತ್ತಿರಲಿಲ್ಲ.

ನಿಮಗೆ ಒಂದೇ ಕೆಲಸ ಹೇಳುತ್ತೇನೆ, ಅದನ್ನು ಈ ವಾರವೇ ಮಾಡಿ. ಆ ಸ್ಟೇಟ್‌ಮೆಂಟ್‌ನ ಮೊದಲ ಪುಟದ ಮೊತ್ತ ಬಿಡಿ, ಒಳಗಿನ ಪುಟಗಳಿಗೆ ಹೋಗಿ. ತಿಂಗಳು ತಿಂಗಳಿಗೂ ನಿಮ್ಮ ಪಾಲು ಒಂದು, ಸರ್ಕಾರದ ಪಾಲು ಒಂದು, ಎರಡೂ ಬಿದ್ದಿದೆಯಾ ನೋಡಿ. ವರ್ಗಾವಣೆ ಆದ ತಿಂಗಳುಗಳನ್ನು ವಿಶೇಷವಾಗಿ ನೋಡಿ. ಪೇ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಟಿಕ್ ಹಾಕುತ್ತಾ ಹೋಗಿ.


ಶಿರಾ ಹುಡುಗಿ:

ಅಕ್ಕಾ, ನಮ್ಮ ಅಪ್ಪನ ಕಥೆ ಹೇಳುತ್ತೇನೆ. ಮೇಲೆ ಸರ್ ಬರೆದಿದ್ದಾರಲ್ಲ, ಅದು ಸಣ್ಣ ಸಂಬಳದವರ ಮನೆಯಲ್ಲಿ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ.

ಅಪ್ಪ ಗ್ರೂಪ್ ಡಿ ನೌಕರ. ಒಂದು ಕಚೇರಿಯಲ್ಲಿ ವರ್ಷಗಟ್ಟಲೆ ದಿನಗೂಲಿಗೆ ದುಡಿದು, 2007ರಲ್ಲಿ ಕಾಯಂ ಆದರು. ಆಗ ಅವರಿಗೆ 45. 2022ರಲ್ಲಿ ನಿವೃತ್ತಿ. ಖಾತೆಯಲ್ಲಿ ಇದ್ದದ್ದು 8 ಲಕ್ಷ 20 ಸಾವಿರ. ಆಗಿನ ನಿಯಮದಲ್ಲಿ 5 ಲಕ್ಷದ ಒಳಗಿದ್ದರೆ ಮಾತ್ರ ಪೂರ್ತಿ ಕೊಡುತ್ತಿದ್ದರು. ಹಾಗಾಗಿ 4 ಲಕ್ಷ 92 ಸಾವಿರ ಕೈಗೆ ಬಂತು, 3 ಲಕ್ಷ 28 ಸಾವಿರ ಆನ್ಯುಟಿಗೆ ಹೋಯಿತು.

ಆ ಆನ್ಯುಟಿ ಫಾರಂ ತುಂಬಿಸಲು ನಾನೇ ಜೊತೆಗೆ ಹೋಗಿದ್ದೆ. ಎಲ್ಲಾ ಇಂಗ್ಲಿಷ್. ಬಗೆಬಗೆಯ ಪ್ಲಾನ್, ಒಂದೊಂದಕ್ಕೂ ಒಂದೊಂದು ದರ. ಅಪ್ಪ ಕೇಳಿದ್ದು ಒಂದೇ ಮಾತು, "ಇದರಲ್ಲಿ ಜಾಸ್ತಿ ಬರೋದು ಯಾವುದು ಕೇಳಮ್ಮ". ಜಾಸ್ತಿ ಬರುವುದು ಅಪ್ಪ ತೀರಿಕೊಂಡ ದಿನಕ್ಕೆ ನಿಂತುಹೋಗುವ ಪ್ಲಾನ್. ಅಮ್ಮನಿಗೆ ಏನೂ ಇಲ್ಲ, ಅಸಲೂ ವಾಪಸ್ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮನಿಗೂ ಬರಲಿ, ಆಮೇಲೆ ಅಸಲು ಮಕ್ಕಳಿಗೆ ಬರಲಿ, ಅದಕ್ಕೆ ಟಿಕ್ ಹಾಕು ಅಂದರು. ಆ ಟಿಕ್‌ಗೆ ದರ ಕಡಿಮೆ. ಈಗ ತಿಂಗಳಿಗೆ ಮೊಬೈಲಿಗೆ ಮೆಸೇಜ್ ಬರುತ್ತದೆ, 1,720 ರೂಪಾಯಿ. ನಾಲ್ಕು ವರ್ಷದಿಂದ ಅದೇ 1,720. ಇಬ್ಬರ ಬಿಪಿ ಶುಗರ್ ಮಾತ್ರೆಗೇ ಅದಕ್ಕಿಂತ ಜಾಸ್ತಿ ಆಗುತ್ತದೆ.

ಅಪ್ಪನ ಜೊತೆ ಅದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬರು 2006ರ ಫೆಬ್ರವರಿಯಲ್ಲಿ ಕಾಯಂ ಆಗಿದ್ದರು. ನಮ್ಮ ಬೀದಿಯಲ್ಲೇ ಮನೆ. ಅದೇ ಬೀಗದ ಕೈ, ಅದೇ ಫೈಲು, ಅದೇ ಸಂಬಳ. ಅವರಿಗೆ ಓಪಿಎಸ್. 7ನೇ ವೇತನ ಆಯೋಗ ಆದ ಮೇಲೆ ರಾಜ್ಯದಲ್ಲಿ ಕನಿಷ್ಠ ಪಿಂಚಣಿಯೇ 13,500, ಅದರ ಮೇಲೆ ಡಿಎ. ಅವರ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ, ಒಳ್ಳೆಯ ಮನುಷ್ಯ. ಆದರೆ ಸಂಜೆ ಇಬ್ಬರೂ ಅರಳಿಕಟ್ಟೆ ಮೇಲೆ ಅಕ್ಕಪಕ್ಕ ಕೂತಿರುತ್ತಾರೆ, ಒಬ್ಬರಿಗೆ 1,720, ಇನ್ನೊಬ್ಬರಿಗೆ ಅದರ ಏಳೆಂಟು ಪಟ್ಟು. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಆ ಇಡಿಗಂಟು ಏನಾಯಿತು ಅಂತ ಕೇಳಬೇಡಿ ಅನ್ನುವ ಹಾಗಿಲ್ಲ, ಹೇಳುತ್ತೇನೆ. ಮನೆಯ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದೆವು, ಉಳಿದದ್ದು ತಂಗಿ ಮದುವೆಗೆ ಹೋಯಿತು. ಎರಡು ವರ್ಷದಲ್ಲಿ ಖಾಲಿ. ಅದನ್ನು ಬ್ಯಾಂಕಿನಲ್ಲಿ ಇಡಬೇಕಿತ್ತು ಅಂತ ಎಲ್ಲರೂ ಹೇಳುತ್ತಾರೆ. ಮಗಳ ಮದುವೆ ನಿಂತಿರುವಾಗ ಕೈಯಲ್ಲಿ ದುಡ್ಡಿಟ್ಟುಕೊಂಡು ಯಾವ ಅಪ್ಪ ತಾನೇ ಇಲ್ಲ ಅನ್ನುತ್ತಾನೆ?


ಬೆಳ್ಳಂದೂರು ಬಸ್:

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ನಮಗೆ ಓಪಿಎಸ್ ಅನ್ನುವುದು ಯಾವತ್ತೂ ಇರಲಿಲ್ಲ, ಹಾಗಾಗಿ ನನ್ನ ಮಾತು ಸ್ವಲ್ಪ ಬೇರೆ ಇರುತ್ತದೆ, ತಪ್ಪು ತಿಳಿಯಬೇಡಿ. ಎನ್‌ಪಿಎಸ್ 2009ರ ಮೇ 1ರಿಂದ ಎಲ್ಲರಿಗೂ ತೆರೆದಿದೆ. ನಾನು 2016ರಲ್ಲಿ ಸೇರಿದೆ, ತೆರಿಗೆಯಲ್ಲಿ 50 ಸಾವಿರ ಹೆಚ್ಚು ವಿನಾಯಿತಿ ಸಿಗುತ್ತದೆ ಅಂತ.

ಮೇಡಂ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ. ನಿಮ್ಮ ದುಡ್ಡು ಇರುವ ಮೂರೂ ಫಂಡ್‌ಗಳು ಸರ್ಕಾರಿ ಹಿನ್ನೆಲೆಯವು. ಸರ್ಕಾರಿ ನೌಕರರಿಗೆ ಏನೂ ಆರಿಸದಿದ್ದರೆ ಇದೇ ಡೀಫಾಲ್ಟ್. ಇದರಲ್ಲಿ ಷೇರಿಗೆ ಹೋಗುವುದು ಸಣ್ಣ ಪಾಲು ಮಾತ್ರ, ಉಳಿದದ್ದು ಸರ್ಕಾರಿ ಬಾಂಡ್, ಕಂಪನಿ ಬಾಂಡ್. ಎಚ್‌ಡಿಎಫ್‌ಸಿ, ಐಸಿಐಸಿಐ, ಕೋಟಕ್ ಇವೆಲ್ಲ ಖಾಸಗಿ ಫಂಡ್‌ಗಳು. ನಮ್ಮಂಥವರು ಷೇರಿಗೆ ಶೇ 75ರವರೆಗೆ ಹಾಕಬಹುದಿತ್ತು, 2025ರ ಅಕ್ಟೋಬರ್‌ನಿಂದ ಕೆಲವು ಸ್ಕೀಮ್‌ಗಳಲ್ಲಿ ನೂರಕ್ಕೆ ನೂರೂ ಹಾಕಬಹುದು. ನಿಮ್ಮ ಸ್ನೇಹಿತರು ಪ್ರೈವೇಟ್ ಜಾಸ್ತಿ ಬೆಳೆಯುತ್ತದೆ ಅನ್ನುವುದು ನಿಜವಾಗಿ ಷೇರಿನ ಪಾಲು ಜಾಸ್ತಿ ಇರುವುದರ ಮಾತು. ಫಂಡ್ ನಡೆಸುವವರು ಖಾಸಗಿಯೋ ಸರ್ಕಾರಿಯೋ ಅನ್ನುವುದರಿಂದ ಆಗುವ ವ್ಯತ್ಯಾಸ ಅಷ್ಟೇನಿಲ್ಲ. ಕೇಂದ್ರ ನೌಕರರಿಗೆ ಫಂಡ್ ಆರಿಸುವ ಅವಕಾಶ 2019ರಲ್ಲಿ ಬಂತು. ರಾಜ್ಯದವರಿಗೆ ಆಯಾ ರಾಜ್ಯ ಆದೇಶ ಮಾಡಿದ್ದರೆ ಮಾತ್ರ. ನಿಮ್ಮ ಡಿಡಿಒ (ಸಂಬಳದ ಬಿಲ್ ಮಾಡುವ ಅಧಿಕಾರಿ) ಹತ್ತಿರ ಲಿಖಿತವಾಗಿ ಕೇಳಿ, ಬಾಯಿಮಾತು ನಂಬಬೇಡಿ.

ಇನ್ನೊಂದು, ಎನ್‌ಪಿಎಸ್ ಅನ್ನು ಪೂರ್ತಿ ಬೈಯುವುದಕ್ಕೆ ನನಗೆ ಮನಸ್ಸಿಲ್ಲ. 2021ರ ದರಪಟ್ಟಿಯಲ್ಲಿ ಫಂಡ್ ನಡೆಸುವ ಶುಲ್ಕ ವರ್ಷಕ್ಕೆ 10,000 ರೂಪಾಯಿಗೆ ಹೆಚ್ಚೆಂದರೆ 9 ರೂಪಾಯಿ ಇತ್ತು. ಎಷ್ಟೋ ಮ್ಯೂಚುವಲ್ ಫಂಡ್‌ಗಳು ಅದಕ್ಕೇ 100 ರೂಪಾಯಿ ದಾಟಿ ತೆಗೆದುಕೊಳ್ಳುತ್ತವೆ. ಹಣ ನಿಮ್ಮ ಹೆಸರಲ್ಲಿದೆ, ಊರು ಬದಲಾದರೂ ಕೆಲಸ ಬದಲಾದರೂ ಅದೇ ಪ್ರಾನ್. 2023ರ ಆಗಸ್ಟ್‌ನಲ್ಲಿ, ಅಟಲ್ ಪೆನ್ಷನ್ ಯೋಜನೆಯದೂ ಸೇರಿ, ಇದರ ಒಟ್ಟು ಮೊತ್ತ 10 ಲಕ್ಷ ಕೋಟಿ ದಾಟಿತು, ಅದರಲ್ಲಿ ದೊಡ್ಡ ಪಾಲು ನಿಮ್ಮಂಥ ಸರ್ಕಾರಿ ನೌಕರರದ್ದೇ.

ಆದರೆ ಏರಿಳಿತ ಇದ್ದೇ ಇದೆ. 2020ರ ಮಾರ್ಚ್‌ನಲ್ಲಿ ನನ್ನ ಖಾತೆ ಮೂರು ವಾರದಲ್ಲಿ ಐದರಲ್ಲೊಂದು ಭಾಗ ಕರಗಿತು. ನನಗೆ ಆಗ 32 ವರ್ಷ, ಕಾದೆ, ವರ್ಷ ಮುಗಿಯುವಷ್ಟರಲ್ಲಿ ವಾಪಸ್ ಬಂತು. ಅದೇ ತಿಂಗಳು ನಿವೃತ್ತಿಯಾಗಿ ಷೇರಿನಲ್ಲೇ ಎಲ್ಲ ಇದ್ದವರ ಗತಿ ಏನು? ಹಿಂತೆಗೆತವನ್ನು ಮುಂದೂಡುವ ಅವಕಾಶ ಇದೆ ನಿಜ, ಆದರೆ ಮುಂದೂಡುವುದಕ್ಕೆ ಮನೆಯಲ್ಲಿ ಬೇರೆ ದುಡ್ಡು ಇರಬೇಕಲ್ವಾ. ಬಾಂಡ್ ಅಂದರೆ ಪೂರ್ತಿ ಸೇಫ್ ಅಂತಲೂ ಅಂದುಕೊಳ್ಳಬೇಡಿ. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನುವ ದೊಡ್ಡ ಹಣಕಾಸು ಕಂಪನಿ ಮುಳುಗಿದಾಗ ಎನ್‌ಪಿಎಸ್ ಫಂಡ್‌ಗಳ ಕೈಯಲ್ಲೂ ಅದರ ಬಾಂಡ್ ಇತ್ತು.

ಶಿರಾದವರು ಬರೆದದ್ದು ಓದಿ ನನಗೆ ಅನ್ನಿಸಿದ್ದು, ಫಂಡ್ ಚೆನ್ನಾಗಿದೆಯಾ ಇಲ್ಲವಾ ಅಂತ ನಾವೆಲ್ಲ ವಾದ ಮಾಡುತ್ತೇವೆ, ತೊಂದರೆ ಇರುವುದು 60 ಆದ ಮೇಲಿನ ಆ ಆನ್ಯುಟಿಯಲ್ಲಿ. 2025ರ ಡಿಸೆಂಬರ್‌ನಲ್ಲಿ ಸರ್ಕಾರಿ ನೌಕರರಲ್ಲದವರಿಗೆ ನಿಯಮ ಬದಲಾಯಿಸಿ, ಶೇ 20 ಆನ್ಯುಟಿ ಕೊಂಡರೆ ಸಾಕು, ಶೇ 80 ಕೈಗೆ ತೆಗೆದುಕೊಳ್ಳಿ ಅಂದರು. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಗಾಬರಿ. ಪಿಂಚಣಿ ಅಂತ ಹೆಸರಿಟ್ಟ ಯೋಜನೆಯಲ್ಲಿ ಪಿಂಚಣಿ ಕೊಡುವ ಭಾಗವೇ ಯಾರಿಗೂ ಬೇಡವಾಗಿದೆ.


ಹಳೇ ಖಜಾನೆ:

ಬೆಳ್ಳಂದೂರಿನವರು ಹೇಳಿದ್ದು ಸರಿ ಇದೆ, ಒಂದು ಮಾತು ಬಿಟ್ಟು. ಹಣ ನಿಮ್ಮ ಹೆಸರಲ್ಲಿದೆ ಅಂದಿರಿ. ಹೆಸರಲ್ಲಿದೆ, ಜೊತೆಗೆ ಅದರ ಅಪಾಯವೂ ನಿಮ್ಮ ಹೆಸರಿಗೇ ಬಂದಿದೆ. ಮೊದಲು ನೌಕರ 90 ವರ್ಷ ಬದುಕಿದರೆ ಅದರ ಖರ್ಚು ಸರ್ಕಾರದ್ದು. ಈಗ ಜಾಸ್ತಿ ಬದುಕುವುದೂ ಅವನದೇ ಖರ್ಚು.

ಮೂರನೇ ಪ್ರಶ್ನೆ ಉಳಿದಿತ್ತು, ಓಪಿಎಸ್ ಬರುತ್ತದಾ ಅಂತ. ರಾಜಸ್ಥಾನ, ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶ, ಇಷ್ಟು ರಾಜ್ಯಗಳು 2022-23ರಲ್ಲಿ ವಾಪಸ್ ಹೋಗುತ್ತೇವೆ ಅಂದವು. ಆದರೆ ಅಷ್ಟು ವರ್ಷ ಫಂಡ್‌ಗೆ ಹೋದ ಹಣವನ್ನು ರಾಜ್ಯಗಳಿಗೆ ಹಿಂದಿರುಗಿಸುವುದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ ಅಂತ ಕೇಂದ್ರ ಹೇಳಿತು. ರಿಸರ್ವ್ ಬ್ಯಾಂಕ್ ಕೂಡ 2023ರ ಜನವರಿಯ ವರದಿಯಲ್ಲಿ, ಇವತ್ತಿನ ಖರ್ಚು ಮುಂದೂಡಿ ನಾಳೆಯ ಹೊರೆ ಕಟ್ಟಿಕೊಳ್ಳುತ್ತಿದ್ದೀರಿ ಅನ್ನುವ ಅರ್ಥದಲ್ಲಿ ರಾಜ್ಯಗಳನ್ನು ಎಚ್ಚರಿಸಿತು. ಅದು ಸುಳ್ಳಲ್ಲ. ಖಜಾನೆಯಲ್ಲಿ ಕೂತು ನೋಡಿದವನು ನಾನು, ಪಿಂಚಣಿ ಬಿಲ್ ವರ್ಷ ವರ್ಷ ಹೇಗೆ ಬೆಳೆಯುತ್ತದೆ ಅಂತ ಗೊತ್ತು.

ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು, 2023ರ ಮಾರ್ಚ್ 1ರಂದು ನೌಕರರ ಮುಷ್ಕರವೂ ಆಯಿತು. 2024ರ ಜನವರಿಯಲ್ಲಿ ಸರ್ಕಾರ ಒಂದು ಆದೇಶ ಮಾಡಿತು. 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿ, ಆಮೇಲೆ ಕೆಲಸಕ್ಕೆ ಸೇರಿದ್ದ ಸುಮಾರು 13 ಸಾವಿರ ಜನರಿಗೆ ಓಪಿಎಸ್ ಸಿಕ್ಕಿತು. ಮೇಡಂ, ನೀವು 2009ರವರು, ಅದರಲ್ಲಿ ಬರುವುದಿಲ್ಲ. ಹಾಗಾಗಿ ಸಂಘದ ಹೋರಾಟಕ್ಕೆ ಹೋಗಿ, ಅದು ನಿಮ್ಮ ಹಕ್ಕು. ಮನೆಯ ಲೆಕ್ಕವನ್ನು ಮಾತ್ರ ಬರುವುದಿಲ್ಲ ಅಂತಲೇ ಹಾಕಿ. ಬಂದರೆ ಸಂತೋಷ.

ಯುಪಿಎಸ್ 2025ರ ಏಪ್ರಿಲ್ 1ರಿಂದ ಕೇಂದ್ರದಲ್ಲಿ ಜಾರಿಗೆ ಬಂದರೂ ಅದನ್ನು ಆರಿಸಿಕೊಂಡವರು ಬಹಳ ಕಡಿಮೆ. ಖಾತೆಯಲ್ಲಿ ಕೂಡಿದ ದುಡ್ಡು ಕೈಬಿಟ್ಟು ಹೋಗುತ್ತದೆ ಅನ್ನುವ ಭಯ ಜನರಿಗೆ. 20 ವರ್ಷ ಅದು ನಿಮ್ಮ ದುಡ್ಡು, ನಿಮ್ಮ ದುಡ್ಡು ಅಂತ ಹೇಳಿ, ಈಗ ಸಾಮೂಹಿಕ ಗಂಟಿಗೆ ಹಾಕಿ ಅಂದರೆ ಯಾರು ಹಾಕುತ್ತಾರೆ?


ಧಾರವಾಡ ಅರ್ಥಶಾಸ್ತ್ರ:

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಈ ಚರ್ಚೆಗೆ ಚಿಲಿ ದೇಶದ ವಿಷಯ ಸೇರಿಸಬೇಕು ಅನ್ನಿಸಿತು, ಯಾಕೆಂದರೆ ಖಾಸಗಿ ಪಿಂಚಣಿ ಫಂಡ್ ಅನ್ನುವ ಈ ದಾರಿಯನ್ನು ಇಡೀ ದೇಶಕ್ಕೆ ಮೊದಲು ಹಾಕಿದ್ದೇ ಅವರು.

ಪಿನೊಶೆಯ ಮಿಲಿಟರಿ ಆಡಳಿತದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದ ಹೊಸೆ ಪಿನ್ಯೇರ ಇದನ್ನು ರೂಪಿಸಿದರು, 1981ರಲ್ಲಿ ಜಾರಿಗೆ ಬಂತು. ಪ್ರತಿ ಕಾರ್ಮಿಕನ ಸಂಬಳದ ಶೇ 10 ಎಎಫ್‌ಪಿ ಅನ್ನುವ ಖಾಸಗಿ ಕಂಪನಿಗಳಿಗೆ ಹೋಗಬೇಕು, ಕಂಪನಿಯ ಶುಲ್ಕ ಅದರ ಮೇಲೆ ಬೇರೆ. ಮಾಲೀಕರ ಪಾಲು ಇಲ್ಲ. ಶೇ 10ರಲ್ಲೇ ಒಳ್ಳೆಯ ಪಿಂಚಣಿ ಬರುತ್ತದೆ ಅನ್ನುವ ಭರವಸೆ. ಫಂಡ್‌ಗಳು ಬೆಳೆದವು, ಅದರಲ್ಲಿ ಸಂಶಯವಿಲ್ಲ, ದೇಶದ ಬಂಡವಾಳ ಮಾರುಕಟ್ಟೆಯೇ ಅವುಗಳಿಂದ ದೊಡ್ಡದಾಯಿತು. ಆದರೆ ಬಹಳ ಜನರಿಗೆ ವರ್ಷಪೂರ್ತಿ ಕಾಯಂ ಕೆಲಸ ಇರಲಿಲ್ಲ. ಹೆಂಗಸರು ಹೆರಿಗೆ, ಮನೆ ಅಂತ ಕೆಲಸ ಬಿಟ್ಟು ಮತ್ತೆ ಸೇರಿದರು. ಖಾತೆಯಲ್ಲಿ ಖಾಲಿ ತಿಂಗಳುಗಳೇ ಜಾಸ್ತಿ. ಮೊದಲ ತಲೆಮಾರು ನಿವೃತ್ತಿಗೆ ಬಂದಾಗ ಕೈಗೆ ಸಿಕ್ಕ ಪಿಂಚಣಿ ನೋಡಿ ಗಾಬರಿಯಾದರು. 2008ರಲ್ಲಿ ಬಾಚೆಲೆಟ್ ಸರ್ಕಾರ ಬಡ ವೃದ್ಧರಿಗೆ ತೆರಿಗೆ ಹಣದಿಂದ ಒಂದು ಮೂಲ ಪಿಂಚಣಿ ಕೊಡಬೇಕಾಯಿತು. 2016ರಲ್ಲಿ ಲಕ್ಷಾಂತರ ಜನ ಎಎಫ್‌ಪಿ ಬೇಡ ಅಂತ ಬೀದಿಗಿಳಿದರು. ಕೊರೊನಾ ಬಂದಾಗ, ಖಾತೆಯಿಂದ ಶೇ 10 ತೆಗೆದುಕೊಳ್ಳಿ ಅಂತ ಒಂದಲ್ಲ, ಮೂರು ಸಲ ಬಿಟ್ಟರು. ಎಷ್ಟೋ ಜನರ ಖಾತೆ ಬರಿದಾಯಿತು. 2025ರ ಜನವರಿಯಲ್ಲಿ ಅಲ್ಲಿನ ಸಂಸತ್ತು, ಮಾಲೀಕರೂ ಹಣ ಹಾಕಬೇಕು ಅಂತ ಹೊಸ ಕಾನೂನು ಒಪ್ಪಿತು. 44 ವರ್ಷ ಬೇಕಾಯಿತು ಅದಕ್ಕೆ.

ನಾನು ತರಗತಿಯಲ್ಲಿ ಇದನ್ನು ಹೇಳುವಾಗ ಮಕ್ಕಳು ಯಾವಾಗಲೂ ಒಂದು ವಿಷಯಕ್ಕೆ ತಲೆ ಎತ್ತಿ ನೋಡುತ್ತಾರೆ. 1981ರಲ್ಲಿ ಎಲ್ಲರಿಗೂ ಹೊಸ ಪದ್ಧತಿ ತಂದ ಆ ಮಿಲಿಟರಿ ಸರ್ಕಾರ, ಸೈನಿಕರನ್ನೂ ಪೊಲೀಸರನ್ನೂ ಮಾತ್ರ ಹಳೆಯದರಲ್ಲೇ ಉಳಿಸಿಕೊಂಡಿತು. ನಮ್ಮಲ್ಲೂ 2004ರಲ್ಲಿ ಸೇನೆಯನ್ನು ಹೊರಗಿಟ್ಟರು, ಅದು ನ್ಯಾಯವೇ, ಪ್ರಾಣ ಕೊಡುವವರು ಅವರು. ಆದರೆ ಒಂದೇ ಅವಧಿಗೆ ಶಾಸಕರಾದವರಿಗೂ ಖಚಿತ ಪಿಂಚಣಿ ಇದೆಯಲ್ಲ, ಅದಕ್ಕೆ ಯಾವ ಮಾರುಕಟ್ಟೆಯ ಏರಿಳಿತವೂ ಇಲ್ಲವಲ್ಲ. ಹೊಸ ಪದ್ಧತಿ ಅಷ್ಟು ಒಳ್ಳೆಯದಾದರೆ ಅದನ್ನು ತಂದವರೂ ಅದರೊಳಗೆ ಬರಬೇಕಿತ್ತು.


ಸಾಗರದ ಟೈಲರ್:

ನಿಮ್ಮದೆಲ್ಲ ದೊಡ್ಡ ಲೆಕ್ಕ. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಟೀಚರ್ ಯಜಮಾನರಿಗೆ ಏನೂ ಇಲ್ಲ ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು 2016ರಲ್ಲಿ ಬ್ಯಾಂಕಿನವರು ಹೇಳಿದರು ಅಂತ ಅಟಲ್ ಪೆನ್ಷನ್ ಮಾಡಿಸಿದೆ. ತಿಂಗಳಿಗೆ ಸಾವಿರದಿಂದ 5 ಸಾವಿರದವರೆಗೆ ಅದರಲ್ಲಿ ಐದು ಹಂತ ಇದೆ, ಮೊದಲೇ ಖಚಿತ ಮಾಡಿ ಹೇಳುತ್ತಾರೆ. ಆದರೆ 40 ವರ್ಷದ ಒಳಗೆ ಸೇರಬೇಕು, 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರಿಗೆ ಅದೂ ಇಲ್ಲ. ನಿಮ್ಮವರಿಗೆ 47, ಹಾಗಾಗಿ ಅವರಿಗೆ ಮಾಮೂಲಿ ಎನ್‌ಪಿಎಸ್ ಖಾತೆಯೇ ದಾರಿ. ನಾನು ಆರಿಸಿದ್ದು 5 ಸಾವಿರದ್ದು. ನನಗೆ 60 ಆಗುವಷ್ಟರಲ್ಲಿ 5 ಸಾವಿರಕ್ಕೆ ಏನು ಬರುತ್ತದೋ ನೋಡಬೇಕು. ಆದರೆ ಅಷ್ಟು ಅಂತ ಗೊತ್ತಿದೆ ನೋಡಿ, ಅದೊಂದು ಧೈರ್ಯ. ನಮ್ಮ ಅತ್ತೆಗೆ ಕೈಯಲ್ಲಿ ಸ್ವಂತ ದುಡ್ಡು ಅಂತ ಬರುವುದು ವೃದ್ಧಾಪ್ಯ ವೇತನ ಒಂದೇ. ಅದು ಬಂದ ದಿನ ಅವರು ಎಲೆ ಅಡಿಕೆ ಕೊಳ್ಳುವುದಕ್ಕೆ ನಮ್ಮನ್ನು ಕೇಳುವುದಿಲ್ಲ.


ಅರಸೀಕೆರೆ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಶಿರಾದ ತಂಗಿ, ನಿಮ್ಮ ಅಪ್ಪನ ವಿಷಯ ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ.

ಖಜಾನೆ ಸರ್ ಹೇಳಿದ ಹಾಗೆ ಭಾನುವಾರ ಪೂರ್ತಿ ಕೂತೆ. ಹಳೆಯ ಪೇ ಸ್ಲಿಪ್‌ಗಳು ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು, ಮಗಳು ತಿಂಗಳು ಓದುತ್ತಾ ಹೋದಳು, ನಾನು ಟಿಕ್ ಹಾಕುತ್ತಾ ಹೋದೆ. 2014ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಐದು ತಿಂಗಳು ಖಾಲಿ. ಆ ಜುಲೈನಲ್ಲಿ ನನಗೆ ಬೇರೆ ತಾಲ್ಲೂಕಿಗೆ ವರ್ಗಾವಣೆಯಾಗಿತ್ತು. ಪೇ ಸ್ಲಿಪ್‌ನಲ್ಲಿ ತಿಂಗಳಿಗೆ 2,800 ಕಡಿತ ಆಗಿದೆ, ಖಾತೆಗೆ ನನ್ನ ಪಾಲೂ ಬಿದ್ದಿಲ್ಲ, ಸರ್ಕಾರದ ಪಾಲೂ ಬಿದ್ದಿಲ್ಲ. ಎರಡೂ ಸೇರಿ 28 ಸಾವಿರ. ಇಷ್ಟು ವರ್ಷ ಬೆಳೆದಿದ್ದರೆ ಈಗ 70 ಸಾವಿರ ದಾಟುತ್ತಿತ್ತು ಅಂತ ನಮ್ಮ ಗಣಿತದ ಮೇಷ್ಟ್ರು ಲೆಕ್ಕ ಹಾಕಿ ಕೊಟ್ಟರು. ಅವರೂ 2010ರವರು, ಅವತ್ತೇ ಅವರ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರು, ಅವರದರಲ್ಲಿ ಎರಡು ತಿಂಗಳು ಇಲ್ಲ. ಈಗ ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಅದೇ ಕೆಲಸ ಮಾಡುತ್ತಿದ್ದೇವೆ.

ಐದೂ ಸ್ಲಿಪ್‌ಗಳ ಜೆರಾಕ್ಸ್, ವರ್ಗಾವಣೆ ಆದೇಶದ ಪ್ರತಿ, ಒಂದು ಅರ್ಜಿ ಸಿದ್ಧ ಮಾಡಿಟ್ಟಿದ್ದೇನೆ. ಹಳೆಯ ಡಿಡಿಒ ಕಚೇರಿಗೆ ಹೋಗಬೇಕಾ, ಈಗಿನವರಿಗೇ ಕೊಡಬೇಕಾ? ಖಜಾನೆ ಸರ್, ಇದೊಂದು ಹೇಳಿಬಿಡಿ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಿಬರುತ್ತೇನೆ.


ಹಳೇ ಖಜಾನೆ:

ಹಣ ಕಡಿತ ಮಾಡಿದ್ದು ಯಾವ ಕಚೇರಿಯ ಬಿಲ್‌ನಲ್ಲಿ ಅಂತ ಮೊದಲು ನೋಡಿ ಮೇಡಂ, ಪೇ ಸ್ಲಿಪ್‌ನಲ್ಲೇ ಡಿಡಿಒ ಕೋಡ್ ಇರುತ್ತದೆ. ಆ ಕೋಡ್‌ನ ಕಚೇರಿಗೆ ಮೂಲ ಅರ್ಜಿ, ಈಗಿನ ಡಿಡಿಒಗೆ ಒಂದು ಪ್ರತಿ. ಆ ತಿಂಗಳುಗಳ ಬಿಲ್ ನಂಬರ್, ವೋಚರ್ ನಂಬರ್ ಹುಡುಕಿಸಿ ಬರೆಸಿಕೊಳ್ಳಿ, ಅದಿಲ್ಲದೆ ಖಜಾನೆಯಲ್ಲಿ ಯಾರೂ ಕಡತ ತೆಗೆಯುವುದಿಲ್ಲ. ಎರಡೂ ಕಡೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಶನಿವಾರ ಎರಡನೆಯದೋ ನಾಲ್ಕನೆಯದೋ ಆಗಿದ್ದರೆ ಕಚೇರಿಗೆ ರಜೆ, ಕ್ಯಾಲೆಂಡರ್ ನೋಡಿಕೊಂಡು ಹೊರಡಿ.